ಕಲ್ಲಿನ ಸೆರೆಯಾಳುಗಳು

ಸಿಸಿಲಿಯ ರಾಜಧಾನಿ ಪಲೆರ್ಮೊದಲ್ಲಿ ಹಳೆಯ ಅರಮನೆಗೆ ತಾಗಿಕೊಂಡು ‘ಪೋರ್ತಾ ನುವೊವಾ’ ಎಂಬ ನಗರದ್ವಾರವಿದೆ. ಹಾಗೆಂದರೆ ‘ಹೊಸ ಬಾಗಿಲು’. ಹೊಸದೆಂಬ ಹೆಸರಿನ ಈ ಬಾಗಿಲಿಗೆ ನಾನೂರು ವರ್ಷ ಎಂದೋ ದಾಟಿದೆ. ಹೊರಗಿನಿಂದ ಬರುವವರಿಗೆ ಅಲ್ಲಿ ಎದುರಾಗುವುದು ನಾಲ್ಕು ಬೃಹತ್ ಶಿಲ್ಪಗಳು. ಯುದ್ಧದಲ್ಲಿ ಸೋತ ಮೂರ್ ಸೆರೆಯಾಳುಗಳು. ಕೆಲವರು ಕೈಕಟ್ಟಿ ನಿಂತಿದ್ದರೆ, ಕೆಲವರಿಗೆ ತೋಳುಗಳೇ ಇಲ್ಲ.

1535ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಟ್ಯುನಿಸನ್ನು ಗೆದ್ದು, ಅದೇ ವರ್ಷ ವಿಜಯೋತ್ಸವದೊಂದಿಗೆ ಪಲೆರ್ಮೊ ಪ್ರವೇಶಿಸಿದ. ಅದರ ನೆನಪಿಗೆ 1583ರಲ್ಲಿ ವೈಸರಾಯ್ ಮಾರ್ಕಂತೋನಿಯೊ ಕೊಲೊನ್ನಾನ ಕಾಲದಲ್ಲಿ ಈ ದ್ವಾರ ಎದ್ದುನಿಂತಿತು. 1571ರ ಲೆಪಾಂಟೊ ಸಮರದಲ್ಲಿ ತುರ್ಕರ ವಿರುದ್ಧ ಪೋಪರ ನೌಕಾಪಡೆಯನ್ನು ಮುನ್ನಡೆಸಿದ್ದವನೂ ಇವನೇ. 1667ರಲ್ಲಿ ಸಿಡಿಲು ಬಡಿದು, ಒಳಗಿದ್ದ ಮದ್ದಿನ ದಾಸ್ತಾನು ಸ್ಫೋಟಿಸಿತು. 1669ರಲ್ಲಿ ಗಾಸ್ಪರೆ ಗ್ವೆರ್ಚೊ ಅದನ್ನು ಮತ್ತೆ ಕಟ್ಟಿದ.

ಈ ಶಿಲ್ಪಗಳನ್ನು ನೋಡಿದವರು ಅದೊಂದು ಕ್ರೈಸ್ತ-ಮುಸ್ಲಿಂ ಯುದ್ಧವಾಗಿತ್ತೆಂದು ನಂಬಿಬಿಡುತ್ತಾರೆ. ಆದರೆ ನಡೆದದ್ದು ಅಷ್ಟು ಸರಳವಲ್ಲ. ಟ್ಯುನಿಸಿನ ಹಫ್ಸಿದ್ ಸುಲ್ತಾನ ಮೌಲಾಯ್ ಹಸನ್‌ನನ್ನು 1534ರಲ್ಲಿ ಓಡಿಸಿದ್ದು ಉಸ್ಮಾನಿಯರ ನೌಕಾಧಿಪತಿ ಖೈರುದ್ದೀನ್ ಬಾರ್ಬರೊಸಾ. ಚಾರ್ಲ್ಸ್ ಬಂದು ಅದೇ ಹಸನ್‌ನನ್ನು ಮರಳಿ ಗದ್ದುಗೆಗೇರಿಸಿದ. ಅತ್ತ ಕ್ರೈಸ್ತ ದೊರೆಯೇ ಆದ ಫ್ರಾನ್ಸಿನ ಒಂದನೇ ಫ್ರಾನ್ಸಿಸ್ ಉಸ್ಮಾನಿಯರ ಸ್ನೇಹ ಬೆಳೆಸಿದ್ದ. ಜಗಳವಿದ್ದುದು ಸಮುದ್ರಕ್ಕಾಗಿ, ಸಿಂಹಾಸನಕ್ಕಾಗಿ. ಆ ಗೆಲುವಿನಿಂದ ಸಾವಿರಾರು ಕ್ರೈಸ್ತ ಬಂದಿಗಳು ಬಿಡುಗಡೆಯಾದದ್ದು ನಿಜ. ಟ್ಯುನಿಸಿನ ಜನಸಾಮಾನ್ಯರು ಕೊಲೆ, ಲೂಟಿಗೆ ತುತ್ತಾದದ್ದೂ ಅಷ್ಟೇ ನಿಜ.

ಬಾಗಿಲನ್ನು ದಾಟಿದರೆ ಸಿಗುವ ಬೀದಿಯ ಹಳೆಯ ಹೆಸರು ‘ಕಸ್ಸಾರೊ’. ಅದರ ಮೂಲ ಅರಬಿಯ ‘ಅಲ್ ಕಸ್ರ್’, ಅಂದರೆ ಕೋಟೆ, ಅರಮನೆ. 831ರಿಂದ 1072ರವರೆಗೆ ಪಲೆರ್ಮೊ ಮುಸ್ಲಿಮರ ಆಳ್ವಿಕೆಯಲ್ಲಿತ್ತು. ನಂತರ ಬಂದ ನಾರ್ಮನ್ ದೊರೆ ಎರಡನೇ ರೋಜರನ ಆಶ್ರಯದಲ್ಲೇ ಭೂಗೋಳ ವಿದ್ವಾಂಸ ಅಲ್ ಇದ್ರೀಸಿ 1154ರಲ್ಲಿ ತನ್ನ ಮಹಾಗ್ರಂಥವನ್ನು ಮುಗಿಸಿದ. ಪಕ್ಕದ ಅರಮನೆಯ ಪ್ರಾರ್ಥನಾ ಮಂದಿರದ ಮರದ ಚಾವಣಿಯಲ್ಲಿ ಇಂದಿಗೂ ಅರಬಿ ಅಕ್ಷರಗಳಿವೆ. ಹದಿಮೂರನೇ ಶತಮಾನದಲ್ಲಿ ಎರಡನೇ ಫ್ರೆಡರಿಕ್ ದ್ವೀಪದ ಮುಸ್ಲಿಮರನ್ನು ಇಟಲಿಯ ಲುಚೇರಾಕ್ಕೆ ಗಡೀಪಾರು ಮಾಡಿದ.

ನೆರೆಯವರು ಇಲ್ಲವಾದ ಮೇಲೆ ಅವರನ್ನು ಶತ್ರುಗಳನ್ನಾಗಿ ಕೆತ್ತುವುದು ಸುಲಭ. ಆ ಬಾಗಿಲನ್ನು ಕೆಡವಬೇಕೆಂದು ನಾವು ಹೇಳುತ್ತಿಲ್ಲ. ಅದು ಉಳಿಯಲಿ. ಆದರೆ ಗೆದ್ದವರು ಕೆತ್ತಿಸಿದ ಕಲ್ಲನ್ನು ಓದುವಾಗ, ಅದರಡಿಯಲ್ಲೇ ಹಾದುಹೋಗುವ ಬೀದಿಯ ಹೆಸರನ್ನೂ ಓದೋಣ.