ಡ್ರೋನ್‌ಗಳ ನಾಗರಿಕ ಬಳಕೆ: ಬೆಳಗಾವಿ, ಖಾನಾಪುರ ಮತ್ತು ಕರ್ನಾಟಕ

ಡ್ರೋನ್: ಪೈಲಟ್ ನೆಲದ ಮೇಲೆ ನಿಂತು ರಿಮೋಟ್‌ನಿಂದ ನಡೆಸುವ ವಿಮಾನ. ಸೈನ್ಯದ ಈ ಯಂತ್ರವನ್ನು ಮೊದಲು ಹೊಲಕ್ಕಿಳಿಸಿದವರಲ್ಲಿ ಜಪಾನಿನವರು ಪ್ರಮುಖರು. ಯಮಾಹಾ ಕಂಪನಿಯ ಪುಟ್ಟ ಹೆಲಿಕಾಪ್ಟರ್ 1980ರ ದಶಕದ ಕೊನೆಗೇ ಭತ್ತದ ಗದ್ದೆಗೆ ಔಷಧಿ ಸಿಂಪಡಿಸಲು ಬಂದಿತ್ತು. ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2014ರ ಅಕ್ಟೋಬರ್‌ನಲ್ಲಿ ಖಾಸಗಿ ಹಾರಾಟವನ್ನೇ ನಿಷೇಧಿಸಿತು. ಮದುವೆ ಮನೆಯ ಫೋಟೋಗ್ರಾಫರುಗಳು ಇದಕ್ಕೆ ಹೆಚ್ಚು ತಲೆಕೆಡಿಸಿಕೊಂಡಂತೆ ಕಾಣಲಿಲ್ಲ. 2018ರ ಡಿಸೆಂಬರ್ 1ರಿಂದ ಷರತ್ತುಗಳೊಡನೆ ಅವಕಾಶ ಸಿಕ್ಕಿತು. ನಿಜವಾದ ಸಡಿಲಿಕೆ ಬಂದದ್ದು 2021ರ ಆಗಸ್ಟ್‌ನ ಡ್ರೋನ್ ನಿಯಮಗಳಿಂದ.

ಹಳ್ಳಿಗಳನ್ನು ಹೆಚ್ಚು ತಟ್ಟಿದ್ದು 2020ರ ಏಪ್ರಿಲ್ 24ರಂದು ಆರಂಭವಾದ, ಡ್ರೋನ್‌ನಿಂದ ಮನೆಗಳ ಗಡಿ ಗುರುತಿಸಿ ಆಸ್ತಿ ಕಾರ್ಡ್ ಕೊಡುವ ಸ್ವಾಮಿತ್ವ ಯೋಜನೆ. ಹೊಲಗಳಿಗೆ ಸರ್ವೆ ನಂಬರ್, ಪಹಣಿ ಎಲ್ಲ ಇದ್ದರೂ ಗ್ರಾಮಠಾಣಾದ ಮನೆಗಳಿಗೆ ನಕ್ಷೆಯೇ ಇರಲಿಲ್ಲ. ಡ್ರೋನ್ ಹಾರುವ ಮೊದಲು ಸಿಬ್ಬಂದಿ, ಮನೆಯವರು, ಅಕ್ಕಪಕ್ಕದವರು ಸೇರಿ ಗಡಿಯುದ್ದಕ್ಕೂ ಸುಣ್ಣದ ಗೆರೆ ಎಳೆಯುತ್ತಾರೆ. ಮೇಲಿನ ಕ್ಯಾಮೆರಾಕ್ಕೆ ಕಾಣುವುದು ಆ ಬಿಳಿ ಗೆರೆ; ಗೆರೆ ಎಲ್ಲಿ ಬೀಳಬೇಕೆಂಬ ಜಗಳ ನೆಲದ ಮೇಲೇ ತೀರಬೇಕು. ಅದೇ ವರ್ಷದ ಅಕ್ಟೋಬರ್ 11ರಂದು ಮೊದಲ ಕಂತಿನ ಆಸ್ತಿ ಕಾರ್ಡ್ ಪಡೆದ 763 ಹಳ್ಳಿಗಳಲ್ಲಿ ಕರ್ನಾಟಕದವು ಎರಡೇ.

ಅಳತೆಗಷ್ಟೇ ಅಲ್ಲ, ಸಾಗಣೆಗೂ ಡ್ರೋನ್ ಬಂತು. 2021ರ ನವೆಂಬರ್ 13ರಂದು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಆಕ್ಟಾಕಾಪ್ಟರ್ ಡ್ರೋನ್ 50 ಬಾಟಲಿ ಕೋವಿಡ್ ಲಸಿಕೆಯನ್ನು ಚಂದಾಪುರದಿಂದ ಹಾರಗದ್ದೆಯ ಆರೋಗ್ಯ ಕೇಂದ್ರಕ್ಕೆ ಸುಮಾರು ಹತ್ತು ನಿಮಿಷದಲ್ಲಿ ತಲುಪಿಸಿತು. ರಸ್ತೆಯಲ್ಲಾದರೆ ಅರ್ಧ ಗಂಟೆ ಬೇಕು.

ಬೆಳಗಾವಿಯ ಜನರಿಗೆ ನೆನಪಿರುವುದು ಬೇರೆಯೇ ಹಾರಾಟ. 2022ರ ಆಗಸ್ಟ್‌ನಲ್ಲಿ ಜಾಧವ ನಗರದಲ್ಲಿ ಕಾಣಿಸಿಕೊಂಡ ಚಿರತೆ ಕಟ್ಟಡ ಕಾರ್ಮಿಕನೊಬ್ಬನನ್ನು ಗಾಯಗೊಳಿಸಿ ಗಾಲ್ಫ್ ಮೈದಾನದ ಪೊದೆ ಸೇರಿತು. ಸುತ್ತಲಿನ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳಿಗೆ ರಜೆ ಕೊಡಬೇಕಾಯಿತು. ಬೋನು, ಟ್ರ್ಯಾಪ್ ಕ್ಯಾಮೆರಾ, ಸಕ್ರೆಬೈಲು ಆನೆ ಶಿಬಿರದ ಸಾಕಾನೆಗಳ ಜೊತೆಗೆ ಅರಣ್ಯ ಇಲಾಖೆ ಡ್ರೋನನ್ನೂ ಬಳಸಿತು. ಚಿರತೆ ಮಾತ್ರ ಕೈಗೆ ಸಿಗಲಿಲ್ಲ. ದಟ್ಟ ಗಿಡಗಂಟಿಯ ಅಡಿಯಲ್ಲಿ ಮಲಗಿದ ಪ್ರಾಣಿಯನ್ನು ಮೇಲಿನಿಂದ ಗುರುತಿಸುವುದು ಎಷ್ಟು ಕಷ್ಟವೆಂಬುದು ಆಗ ಊರಿಗೆಲ್ಲ ತಿಳಿಯಿತು.

ಜಿಲ್ಲೆಯ ಬಯಲು ಸೀಮೆಯಲ್ಲಿ ಸಿಂಪರಣೆಯ ಡ್ರೋನ್‌ಗೆ ಕೆಲಸವಿದೆ: ಆಳೆತ್ತರ ಬೆಳೆದ ಕಬ್ಬಿನೊಳಗೆ ಬೆನ್ನಿಗೆ ಪಂಪು ಕಟ್ಟಿಕೊಂಡು ನುಗ್ಗುವುದಕ್ಕಿಂತ ಮೇಲಿನಿಂದ ಹೊಡೆಯುವುದು ಸಲೀಸು. ಖಾನಾಪುರ ತಾಲೂಕಿನಲ್ಲಿ, ಚೋರ್ಲಾ ಘಾಟಿಯ ದಾರಿಯಲ್ಲಿರುವ ಜಾಂಬೋಟಿಯ ಕಡೆ ಮಾತ್ರ ಮರಗಳ ಸೂರು, ಮಳೆಗಾಲದ ಬಿಡದ ಮಳೆ, ಎರಡೂ ಅಡ್ಡಿ. ಪಕ್ಕದಲ್ಲೇ 2011ರಲ್ಲಿ ಘೋಷಿತವಾದ, ಸುಮಾರು 190 ಚದರ ಕಿ.ಮೀ. ವಿಸ್ತಾರದ ಭೀಮಗಡ ಅಭಯಾರಣ್ಯವಿದೆ. ಅಪರೂಪದ ರಾಟನ್ ಬಾವಲಿಯ ಬಾರಾಪೇಡೆ ಗುಹೆಗಳಿರುವುದು ಈ ಕಾಡಿನಲ್ಲೇ. ಜಲಪಾತದ ವಿಡಿಯೊ ಆಸೆಗೆ ಡ್ರೋನ್ ಹೊತ್ತು ಬರುವವರು ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು.