ಸೋರುವ ಮಾಳಿಗೆಯೂ ಈರುಳ್ಳಿಯ ಚಾಳವೂ

ಲಾಸಲಗಾಂವ್ ಎಂದರೆ ಈರುಳ್ಳಿ ಪೇಟೆ. ನಾಸಿಕ ಜಿಲ್ಲೆಯ ನಿಫಾಡ್ ತಾಲೂಕಿನ ಈ ಊರಿಗೆ ಕೇಂದ್ರ ಸರ್ಕಾರದ ನೌಕರಿಯ ವರ್ಗಾವಣೆಯಲ್ಲಿ ಬಂದ ನನಗೆ, ಕನ್ನಡದ ತತ್ತ್ವಪದವೊಂದು ನಡೆದುಬಂದ ದಾರಿಯನ್ನು ಇಲ್ಲಿ ಕುಳಿತು ಮತ್ತೆ ಯೋಚಿಸುವ ಪ್ರಸಂಗ ಬಂದಿತು. ಆ ಪದವನ್ನು ನಮ್ಮ ಕಾಲದಲ್ಲಿ ದೂರದೇಶಗಳಿಗೂ ಕೊಂಡೊಯ್ದ ಗಾಯಕ ಹುಟ್ಟಿದ್ದು ಇದೇ ನಾಸಿಕದಲ್ಲಿ.

ರಘು ದೀಕ್ಷಿತ್ 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ, ಕಲಿತದ್ದು ಭರತನಾಟ್ಯ, ಗಿಟಾರ್ ಕೈಗೆ ಬಂದದ್ದು ಆಮೇಲೆ. ಕೆಲಕಾಲ ಬೆಲ್ಜಿಯಂನಲ್ಲಿ ದುಡಿದು ಮರಳಿದ ಅವರ ಮೊದಲ ಆಲ್ಬಮ್ಮನ್ನು ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿ ತಮ್ಮದೇ ಸಂಸ್ಥೆಯಿಂದ 2008ರಲ್ಲಿ ಹೊರತಂದಿತು. ಅದರಲ್ಲಿ ಹಿಂದಿ ಮತ್ತು ಇಂಗ್ಲಿಷ್ ಹಾಡುಗಳ ನಡುವೆ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’ ಎಂಬ ಎರಡು ಪದಗಳಿವೆ. ಎರಡೂ ಶಿಶುನಾಳ ಷರೀಫರವು. 2013ರ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’ ಸೇರಿತು. ಇದರ ನಡುವೆ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿ, 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆಯ ಪ್ರಶಸ್ತಿಯನ್ನೂ ಅವರು ಪಡೆದರು.

ಷರೀಫರು (1819–1889) ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದವರು. ಮುಸಲ್ಮಾನ ಶಿಷ್ಯನಿಗೆ ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರು. ಅವರ ಪದಗಳು ಬದುಕಿದ್ದು ಮೊದಲು ಭಜನೆಯವರ ಬಾಯಲ್ಲಿ, ತಂಬೂರಿ ತಾಳಗಳ ಜೊತೆಯಲ್ಲಿ. ಕ್ಯಾಸೆಟ್ಟಿನ ಕಾಲದಲ್ಲಿ ಸಿ. ಅಶ್ವಥ್ ಅವನ್ನು ನಗರದ ಮನೆಗಳಿಗೆ ಮುಟ್ಟಿಸಿದರು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಬಂದಾಗ ಅದರ ಸಂಗೀತವೂ ಅಶ್ವಥ್ ಅವರದೇ. ಅಲ್ಲಿಂದ ಗಿಟಾರಿಗೆ. ಪಾತ್ರೆ ಮೂರು ಬಾರಿ ಬದಲಾಯಿತು, ಪದ ಉಳಿಯಿತು.

ಪದ ಉಳಿಯಿತು, ಸರಿ, ಅರ್ಥ ಉಳಿಯಿತೇ? ನನ್ನ ಆಕ್ಷೇಪ ಇದ್ದದ್ದು ಇಲ್ಲಿಯೇ. ಅಶ್ವಥ್ ಹಾಡಿದ್ದು ಕನ್ನಡ ಬಲ್ಲವರಿಗೆ. ಬಹುಭಾಷೆಯ ಆಲ್ಬಮ್ಮಿನ ಕೇಳುಗನಿಗಾದರೋ ಹಿಂದಿ ಹಾಡು ಅರ್ಥವಾಗುತ್ತದೆ, ಕನ್ನಡದ್ದು ಬರಿಯ ತಾಳವಾಗಿ ಕಾಲು ಕುಣಿಸುತ್ತದೆ. ಮೋಹವನ್ನು ಜ್ಞಾನದ ಬೆಂಕಿಯಲ್ಲಿ ಸುಡಬೇಕೆನ್ನುವ ಗುಡುಗುಡಿಯ ಪದ, ಭಾಷೆ ತಿಳಿಯದವನಿಗೆ ಮೋಜಿನ ಹಾಡೇ ಅಲ್ಲವೇ? ಸಾಹಿತ್ಯ ಓದಿದವನ ಈ ಹೆಮ್ಮೆಯನ್ನು ನಾನು ಬಹಳ ದಿನ ಜೋಪಾನ ಮಾಡಿದ್ದೆ.

ಕಳೆದ ಮಳೆಗಾಲದ ಒಂದು ಸಂಜೆ, ಪರಿಚಯದ ರೈತರೊಬ್ಬರ ಚಾಳದ ಬಳಿ ಮಳೆ ನಿಲ್ಲಲೆಂದು ಕಾಯುತ್ತಿದ್ದೆ. ಬೇಸಿಗೆಯ ಈರುಳ್ಳಿಯನ್ನು ಬೆಲೆ ಬರುವ ತನಕ ಕೂಡಿಡುವ, ಗಾಳಿಯಾಡಲು ಸಂದುಬಿಟ್ಟ ಗೋಡೆಗಳ ಕಣಜಕ್ಕೆ ಇಲ್ಲಿ ಕಾಂದಾ ಚಾಳ ಎನ್ನುತ್ತಾರೆ. ನನ್ನ ಮೊಬೈಲಿನಲ್ಲಿ ‘ಸೋರುತಿಹುದು’ ಹಾಡುತ್ತಿತ್ತು. “ಸಾಹೇಬ್, ಏನು ಹೇಳ್ತಾನೆ ಇವನು?” ಎಂದು ಅವರು ಮರಾಠಿಯಲ್ಲಿ ಕೇಳಿದರು. ಮನೆಯ ಮಾಳಿಗೆ ಸೋರುತ್ತಿದೆ, ಮೇಲೆ ಹತ್ತಿ ಸರಿಪಡಿಸುವವರಿಲ್ಲ, ಸೋರುವುದಕ್ಕೆ ಕಾರಣ ಅಜ್ಞಾನ ಎಂದೆ. ಅವರು ತಲೆಯೆತ್ತಿ ಚಾಳದ ಸೂರನ್ನೊಮ್ಮೆ ನೋಡಿದರು. ಸೂರು ಒಂದು ಕಡೆ ಸೋರಿದರೆ ಸಾಕು, ಒಂದು ಗಡ್ಡೆ ಕೊಳೆತು ಪಕ್ಕದ್ದನ್ನೂ ಕೆಡಿಸುತ್ತದೆ. “ಇದು ನಮ್ಮ ಏಕನಾಥರ ಭಾರೂಡದ ಹಾಗೇ ಇದೆಯಲ್ಲ,” ಎಂದರು.

ಆ ಮಾತಿಗೆ ನಾನು ಸುಮ್ಮನಾದೆ. ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಗೆ ಸೇರಿದ ಪೈಠಣದ ಸಂತ ಏಕನಾಥರು ಹದಿನಾರನೆಯ ಶತಮಾನದಲ್ಲಿಯೇ ಕಾಮಕ್ರೋಧಗಳನ್ನು ಚೇಳಿನ ಕಡಿತವಾಗಿಸಿ ಹಾಡಿದವರು. ಮನೆ, ಚೇಳು, ಗುಡುಗುಡಿ: ಕೈಗೆ ಸಿಕ್ಕುವ ವಸ್ತುವಿನೊಳಗೆ ತತ್ತ್ವವನ್ನಿಡುವ ಈ ರೀತಿ ಎರಡೂ ಸೀಮೆಗಳ ಸೊತ್ತು. ಮರಾಠಿ ರೈತನಿಗೆ ಬೇಕಾದದ್ದು ಭಾಷೆಯ ಒಂದು ಎಳೆ ಮಾತ್ರ. ಉಳಿದದ್ದೆಲ್ಲ ಅವನ ಬಳಿ ಮೊದಲೇ ಇತ್ತು.

ಧ್ವನಿಮುದ್ರಣ ಪದವನ್ನು ಎಲ್ಲಿಗೂ ಒಯ್ಯಬಲ್ಲದು. ಅರ್ಥವನ್ನು ಇಂದಿಗೂ ಒಬ್ಬರು ಇನ್ನೊಬ್ಬರಿಗೆ ಹೇಳಬೇಕು. ಭಜನೆಯಲ್ಲಿ ಆ ಕೆಲಸ ಪಕ್ಕದಲ್ಲಿ ಕುಳಿತವರದಾಗಿತ್ತು. ಕನ್ನಡ ಕೇಳಿಸದ ಊರುಗಳಲ್ಲಿ ನೌಕರಿ ಮಾಡುವ ನಮ್ಮಂಥವರ ಪಾಲಿಗೆ ಈಗ ಅದು ಬಂದಿದೆ. ಗಾಯಕನನ್ನು ದೂರುತ್ತ ಕುಳಿತ ಅಷ್ಟು ವರ್ಷ, ಪಕ್ಕದವರು ಕೇಳಲೆಂದು ನಾನೂ ಕಾದಿದ್ದೆನಲ್ಲದೆ, ನಾನಾಗಿ ಯಾರಿಗೂ ಹೇಳಿರಲಿಲ್ಲ.