ಪಿಂಗಾಣಿಯ ಬೆಲೆ

ಹಳೆಯ ಜರ್ಮನ್ ಪಿಂಗಾಣಿಯನ್ನು ಸಂಗ್ರಹಿಸುವವರಿಗೆ ಒಂದು ಅಭ್ಯಾಸವುಂಟು. ಬಟ್ಟಲಿನ ಮೇಲಿನ ಹೂಬಳ್ಳಿಯನ್ನು ಮೆಚ್ಚುವ ಮೊದಲೇ ಅದನ್ನು ಮಗುಚಿ ತಳ ನೋಡುತ್ತಾರೆ. ಅಲ್ಲಿ ಒಂದನ್ನೊಂದು ಅಡ್ಡಹಾಯ್ದ ಎರಡು ನೀಲಿ ಕತ್ತಿಗಳಿದ್ದರೆ ಅದು ಮೈಸೆನ್ ಊರಿನದೆಂಬ ಆಸೆ ಹುಟ್ಟುತ್ತದೆ. ನಂಬಿಕೆಯಲ್ಲ, ಆಸೆ, ಏಕೆಂದರೆ ಆ ಗುರುತನ್ನು ನಕಲು ಮಾಡಿದವರು ಬಹುಮಂದಿ.

ಕತ್ತಿಗಳು ಸಾಕ್ಸನಿ ಸಂಸ್ಥಾನದ ಲಾಂಛನದಿಂದ ಬಂದವು. ಆದರೆ ಆ ಪಿಂಗಾಣಿಯ ಚರಿತ್ರೆಯನ್ನು ಬಲ್ಲವರಿಗೆ ಅವು ಬರಿಯ ಲಾಂಛನವಾಗಿ ತೋರಲಾರವು.

ಚೀನಾ, ಜಪಾನುಗಳಿಂದ ಹಡಗೇರಿ ಬರುತ್ತಿದ್ದ ಪಿಂಗಾಣಿಗೆ ಯೂರೋಪಿನ ಅರಸರು ಮರುಳಾಗಿದ್ದ ಕಾಲವದು. ಸಾಕ್ಸನಿಯ ಒಡೆಯ ಆಗಸ್ಟಸನಂತೂ ಈ ಹುಚ್ಚನ್ನು ತನ್ನ ರೋಗವೆಂದೇ ಕರೆದುಕೊಂಡ. 1717ರಲ್ಲಿ ಅವನು ಪ್ರಷ್ಯದ ದೊರೆಗೆ 600 ಮಂದಿ ಸೈನಿಕರನ್ನು ಒಪ್ಪಿಸಿ 151 ಪಿಂಗಾಣಿ ಪಾತ್ರೆಗಳನ್ನು ಪಡೆದನು. ಪಾತ್ರೆಯೊಂದಕ್ಕೆ ಸುಮಾರು ನಾಲ್ವರು ಮನುಷ್ಯರು! ಅವುಗಳಲ್ಲಿನ ದೊಡ್ಡ ನೀಲಿ-ಬಿಳಿ ಜಾಡಿಗಳಿಗೆ ಆ ಸೈನಿಕರ ಹೆಸರೇ ಅಂಟಿಕೊಂಡಿದೆ.

ಅಷ್ಟು ಹೊತ್ತಿಗೆ ಸಾಕ್ಸನಿಯಲ್ಲಿಯೇ ಪಿಂಗಾಣಿ ತಯಾರಾಗುತ್ತಿತ್ತು. ಅದರ ಹಿಂದೆಯೂ ಒಂದು ಸೆರೆಯ ಕಥೆಯಿದೆ. ಬೋಟ್ಗರ್ ಎಂಬ ತರುಣ ಬರ್ಲಿನ್ನಿನ ಔಷಧದಂಗಡಿಯಲ್ಲಿ ಕೆಲಸ ಕಲಿಯುತ್ತ, ತನಗೆ ಚಿನ್ನ ಮಾಡುವ ವಿದ್ಯೆ ಬರುತ್ತದೆಂದು ಹೇಳಿಕೊಂಡ. ಪ್ರಷ್ಯದ ದೊರೆಗೆ ಹೆದರಿ 1701ರಲ್ಲಿ ಸಾಕ್ಸನಿಗೆ ಓಡಿಬಂದರೆ ಅಲ್ಲಿ ಆಗಸ್ಟಸನ ಕೈಸೆರೆಯಾದ. ಚಿನ್ನ ಹುಟ್ಟಲಿಲ್ಲ. ಶೀರ್ನ್‌ಹೌಸ್ ಎಂಬ ವಿದ್ವಾಂಸನು ಅವನನ್ನು ಮಣ್ಣಿನ ಪ್ರಯೋಗಗಳತ್ತ ತಿರುಗಿಸಿದ. ಬಿಳಿಯ ಜೇಡಿಮಣ್ಣನ್ನು ಉಗ್ರವಾದ ಬೆಂಕಿಯಲ್ಲಿ ಸುಟ್ಟು ಪಿಂಗಾಣಿಯ ಗುಟ್ಟನ್ನು ಕಂಡುಕೊಂಡದ್ದು 1708ರಲ್ಲಿ. ಆ ವರ್ಷವೇ ಶೀರ್ನ್‌ಹೌಸ್ ತೀರಿಕೊಂಡ. 1710ರಲ್ಲಿ ಮೈಸೆನ್ನಿನ ಕೋಟೆಯೊಳಗೆ ಕಾರ್ಖಾನೆ ನಿಂತಿತು.

ಕೋಟೆಯೇಕೆ? ಗುಟ್ಟು ಹೊರಬೀಳಬಾರದಲ್ಲ! ಬೋಟ್ಗರನಿಗೆ ಬಿಡುಗಡೆ ದೊರೆತದ್ದು 1714ರಲ್ಲಿ. ಸತ್ತದ್ದು 1719ರಲ್ಲಿ, ತನ್ನ ಮೂವತ್ತೇಳನೆಯ ವಯಸ್ಸಿನಲ್ಲಿ. ಅದೇ ವರ್ಷ ಮೈಸೆನ್ನಿನ ಕೆಲಸಗಾರ ಸ್ಟೋಲ್ಜೆಲ್ ವಿಯೆನ್ನಾಕ್ಕೆ ಓಡಿಹೋದ. ಅವನೊಡನೆ ಗುಟ್ಟೂ ಹೋಯಿತು. ಮನುಷ್ಯನನ್ನು ಕೂಡಿಹಾಕಬಹುದು, ಅವನು ಕಲಿತದ್ದನ್ನು ಕೂಡಿಹಾಕಲಾದೀತೆ?

ಸಂಗ್ರಾಹಕರು ಹಳೆಯ ಪಾತ್ರೆಗೆ ಬೆಲೆ ಕಟ್ಟುವಾಗ ಬಣ್ಣ, ಬಿರುಕು, ಅಪೂರ್ವತೆ ಎಲ್ಲವನ್ನೂ ಗಣಿಸುತ್ತಾರೆ. ತಳ ನೋಡಿದ ಮೇಲೆ ಇನ್ನೊಂದನ್ನೂ ಗಣಿಸುವುದು ನ್ಯಾಯ. ಆ ಬಿಳುಪಿಗೆ ಮೊದಲು ಬೆಲೆ ತೆತ್ತವರು ಕೊಂಡವರಲ್ಲ, ಸೆರೆಯಲ್ಲಿ ದುಡಿದವರು.